ಗೇಟಿನ ಗಿಡ ಮದ್ದಾದ ದಿನ

ಎಲ್ಲಕ್ಕೂ ಕಾರಣ ಲೋಕಯ್ಯ ಕೊಂಡ ಹೊಸ ಕಾರು. ಕಾರು ದೊಡ್ಡದು, ಓಣಿ ಸಣ್ಣದು, ಲೋಕಯ್ಯನವರ ಡ್ರೈವಿಂಗ್ ಓಣಿಗಿಂತಲೂ ಸಣ್ಣದು. ಗುರುವಾಯನಕೆರೆ ಪೇಟೆಯಿಂದ ಒಳಗೆ ಬರುವ ಆ ಓಣಿಯ ತಿರುವಿನಲ್ಲೇ ಭರತರಾಜರ ಮನೆ. ಗೇಟಿನ ಪಕ್ಕದಲ್ಲಿ, ಕಂಪೌಂಡು ಮೀರಿ ರಸ್ತೆಗೆ ವಾಲಿದ, ಆಳೆತ್ತರದ ಒಂದು ಪೊದೆ. ಕಾರು ಬಂದಾಗಲೆಲ್ಲ ಅದಕ್ಕೆ ಮೈ ಉಜ್ಜಿಯೇ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಲೋಕಯ್ಯ ಕತ್ತಿ ಹಿಡಿದುಕೊಂಡು ಗೇಟಿಗೆ ಬಂದರು.

"ಭರತಣ್ಣ, ಇದನ್ನು ಬುಡದಿಂದಲೇ ತೆಗೆಯುವ. ಕಾರಿನ ಬಣ್ಣ ಎಲ್ಲ ಗೀರಿ ಹೋಯ್ತು ಮಾರಾಯ್ರೆ. ಹಾವು ಬೇರೆ ಬರ್ತದೆ."

ಭರತರಾಜರು ಗಿಡಕ್ಕೆ ಅಡ್ಡ ಬಂದು ನಿಂತರು.

ಸಹಕಾರಿ ಸಂಘದ ಗುಮಾಸ್ತರಾದ ಭರತರಾಜರಿಗೆ ಆ ಗಿಡದ ಮೇಲಿದ್ದ ಪ್ರೀತಿ ಓಣಿಗೆಲ್ಲ ಗೊತ್ತು. ಬೆಳಿಗ್ಗೆ ಎದ್ದರೆ ಅದರ ಬುಡದಲ್ಲಿ, ಸಂಜೆಯಾದರೆ ಅದರ ಹಿಂದೆ. ಆದರೆ ಗಿಡದ ಹೆಸರು ಕೂಡ ಅವರಿಗೆ ಗೊತ್ತಿರಲಿಲ್ಲ. ಮೂಡುಬಿದಿರೆಯ ನರ್ಸರಿಯವನು ಅದನ್ನು "ಶೋ ಗಿಡ" ಎಂದಷ್ಟೇ ಹೇಳಿ ಕೊಟ್ಟಿದ್ದ. ಪ್ರೀತಿ ಹುಟ್ಟಿದ್ದು ಆಮೇಲೆ, ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಏರಿದ ಮೇಲೆ. ಅದು ಏರಿದ ದಿನವೇ ಹೆಂಡತಿ ಸಾಧನಾರ ಅಧಿಕಾರವೂ ಏರಿತು. ಎಣ್ಣೆ ಬಂದ್, ತುಪ್ಪ ಬಂದ್. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹೊಳೆಮತ್ತಿ ತೊಗಟೆ, ಕಿರಾತಕಡ್ಡಿ, ಮೆಂತೆ, ಅಮೃತಬಳ್ಳಿ ಹಾಕಿ ಕುದಿಸಿದ ಒಂದು ಲೋಟ ಕಪ್ಪು ಕಷಾಯ. ಬೇರೆಯವರಾದರೆ ಒಂದು ಚಮಚ ಜೇನು ಬೆರೆಸಿಯಾರು. ಜೇನು ಜೈನರ ಮನೆಗೆ ಸಲ್ಲದು, ಬೆಲ್ಲ ಡಾಕ್ಟರಿಗೆ ಸಲ್ಲದು. "ಅಂಗಳದಲ್ಲಿ ಗಾಳಿಗೆ ನಿಂತು ಕುಡಿಯುತ್ತೇನೆ" ಎಂದು ಲೋಟ ಹಿಡಿದು ಹೊರಗೆ ಬರುತ್ತಿದ್ದ ಭರತರಾಜರು ಅದನ್ನು ಗಿಡದ ಬುಡಕ್ಕೆ ಹೊಯ್ದು, ಮುಖ ಕಿವುಚಿಕೊಂಡು ಒಳಗೆ ಹೋಗುತ್ತಿದ್ದರು. ಮುಖ ಕಿವುಚುವುದನ್ನು ಮರೆತ ದಿನ ಇಲ್ಲ.

ಸಂಜೆಯ ಗುಟ್ಟು ಇನ್ನೂ ದೊಡ್ಡದು. ರಸ್ತೆಯಾಚೆ ನಿಝಾಮುದ್ದೀನ್‌ನ ಹೋಟೆಲು. ಎಣ್ಣೆಯಲ್ಲಿ ಕರಿದ ಅವನ ಗೋಳಿಬಜೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ನಡುನಡುವೆ ತೆಂಗಿನಕಾಯಿ ಚೂರು. ಭರತರಾಜರಿಗೆ ಏನನ್ನೂ ಕೊಡಕೂಡದೆಂದು ಸಾಧನಾ ಪೇಟೆಯ ಹೋಟೆಲುಗಳಿಗೆಲ್ಲ ತಾಕೀತು ಮಾಡಿದ್ದರು. ನಿಝಾಮುದ್ದೀನ್ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಹೋಟೆಲಿನೊಳಗೆ ಕೊಡುತ್ತಿರಲಿಲ್ಲ, ಕಾಗದದಲ್ಲಿ ಕಟ್ಟಿ ಕಂಪೌಂಡಿನ ಮೇಲಿಂದ ದಾಟಿಸುತ್ತಿದ್ದ. ಪೊದೆಯ ಹಿಂದೆ ಒಂದು ಹಳೆಯ ಬಟ್ಟೆ ಒಗೆಯುವ ಕಲ್ಲು. ಅದರ ಮೇಲೆ ಕೂತರೆ ರಸ್ತೆಗೂ ಕಾಣಿಸದು, ಮನೆಗೂ ಕಾಣಿಸದು. ಹೊತ್ತು ಮುಳುಗಿದ ಮೇಲೆ ಜೈನರ ಮನೆಯಲ್ಲಿ ಏನನ್ನೂ ಬಾಯಿಗಿಡುವಂತಿಲ್ಲ. ಅದಕ್ಕೆ ಮುಂಚೆಯೇ ಸಾಧನಾ ಬಡಿಸುವ ಎಣ್ಣೆಯಿಲ್ಲದ ಊಟವನ್ನು ಭರತರಾಜರು ಇಷ್ಟು ದಿನ ನಗುನಗುತ್ತ ಉಂಡದ್ದು ಈ ಕಲ್ಲಿನ ಬಲದಿಂದ. ಪೊದೆ ಹೋದರೆ ಬದುಕಿನಲ್ಲಿ ಉಳಿದ ಏಕೈಕ ಸುಖ ಹೋದಂತೆ.

ಆದ್ದರಿಂದ ಲೋಕಯ್ಯ ಕತ್ತಿ ಎತ್ತಿದಾಗ ಭರತರಾಜರ ಬಾಯಿಗೆ ಬಂದದ್ದು ಹೊರಗೆ ಬಿತ್ತು.

"ಮುಟ್ಟಬೇಡಿ! ಅದು ಮದ್ದಿನ ಗಿಡ. ನನ್ನ ಕೊಲೆಸ್ಟ್ರಾಲ್ ಇಳಿದದ್ದೇ ಅದರಲ್ಲಿ."

"ಇಳಿದಿದೆಯಾ?"

"ಅರ್ಧಕ್ಕರ್ಧ," ಎಂದರು ಭರತರಾಜರು. ಮತ್ತೊಮ್ಮೆ ಪರೀಕ್ಷೆ ಮಾಡಿಸುವ ಧೈರ್ಯವನ್ನೇ ಅವರು ಮಾಡಿರಲಿಲ್ಲ.

"ಹೆಸರು ಎಂತ ಇದರದ್ದು?"

"ರಕ್ತ... ರಕ್ತಶೋಧಿನಿ."

ಕತ್ತಿ ಕೆಳಗಿಳಿಯಿತು. "ಮೊದಲೇ ಹೇಳ್ಬಾರ್ದಾ ಮಾರಾಯ್ರೆ? ನನಗೂ ಉಂಟಲ್ಲ ಅದು!"

ಯಾರಿಗಿಲ್ಲ? ಈಗಿನ ಕಾಲದಲ್ಲಿ ಕೊಲೆಸ್ಟ್ರಾಲ್ ಇಲ್ಲದ ಮನೆಯೆಂದರೆ ಫ್ರಿಜ್ ಇಲ್ಲದ ಮನೆಯ ಹಾಗೆ, ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆ. ಲೋಕಯ್ಯ ಒಂದು ಮುಷ್ಟಿ ಎಲೆ ಕಿತ್ತುಕೊಂಡು ಹೋದರು. ಗಿಡ ಉಳಿಯಿತೆಂದು ಭರತರಾಜರು ನಿಟ್ಟುಸಿರು ಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ವಿಸ್ಮಿತಾ ಟೀಚರ್ ಮೊಬೈಲ್ ಹಿಡಿದುಕೊಂಡು ಬಂದರು. ಅವರ ಹಿಂದೆ ಲೋಕಯ್ಯನ ಹೆಂಡತಿ ಪೂವಮ್ಮ.

"ಭರತಣ್ಣ, ಕೊಲೆಸ್ಟ್ರಾಲಿಗೆ ಮಾತ್ರ ಅಲ್ಲ, ಆಕ್ಸಿಡೇಟಿವ್ ಸ್ಟ್ರೆಸ್‌ಗೂ ರಕ್ತಶೋಧಿನಿ ಆಗ್ತದಂತೆ!"

"ಹಾಗೆಂದರೆ ಎಂತ ಟೀಚರೇ?" ಪೂವಮ್ಮ ಕೇಳಿದರು.

"ಮೈಯೊಳಗೆ ತುಕ್ಕು ಹಿಡಿಯುವುದು ಅಂತ ಇಟ್ಕೊಳ್ಳಿ."

"ನಮ್ಮ ಬೋರ್‌ವೆಲ್ ಪೈಪಿಗೆ ಹಿಡಿದ ಹಾಗೆಯಾ?"

"ಹೆಚ್ಚುಕಡಿಮೆ ಹಾಗೇ."

"ಯಾರು ಹೇಳಿದ್ದು?" ಎಂದು ಭರತರಾಜರು ಕೇಳಿದರು.

"ಗ್ರೂಪಿನಲ್ಲಿ ಬಂದಿದೆ. ಸುಮ್ಮನೆ ಬರ್ತದಾ?"

ಅದು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಲೋಕಯ್ಯ ಹೇಳಿದ್ದನ್ನು ಬರೆದು ಕಳಿಸಿದವರು ಇದೇ ಟೀಚರ್. ವಿಟ್ಲದ ನೆಂಟರ ಗ್ರೂಪು, ನಾರಾವಿಯ ಭಜನೆ ಗ್ರೂಪು ಎಲ್ಲ ಸುತ್ತಿ, ದಾರಿಯಲ್ಲಿ ಒಂದೆರಡು ರೋಗಗಳನ್ನು ಹೆಚ್ಚಿಗೆ ಸೇರಿಸಿಕೊಂಡು, ಕೊನೆಗೆ ಕೈಮುಗಿದ ಚಿತ್ರದೊಂದಿಗೆ ಅದು ವಾಪಸು ಬಂದಿತ್ತು. ತಾನು ಹೆತ್ತ ಸುಳ್ಳನ್ನು ಟೀಚರಿಗೆ ಗುರುತು ಹಿಡಿಯಲಾಗಲಿಲ್ಲ. ಊರು ಸುತ್ತಿ ಬಂದವರಿಗೆ ನಮ್ಮಲ್ಲಿ ಯಾವತ್ತೂ ಮರ್ಯಾದೆ ಹೆಚ್ಚು.

ಅಷ್ಟರಲ್ಲಿ ಗ್ರೂಪಿಗೆ ಲೋಕಯ್ಯನ ವರದಿಯೂ ಬಂತು. ಎಲೆ ಅರೆದು ಕುಡಿದ ಮೇಲೆ ಅವರು ಬಚ್ಚಲಿಗೂ ಮಂಚಕ್ಕೂ ಓಡಾಡುತ್ತಿದ್ದರು. "ಕೊಬ್ಬು ಕರಗಿ ಹೋಗ್ತಾ ಉಂಟು. ಹೊಟ್ಟೆ ಭಾರೀ ಹಗುರ." ಇನ್ನು ಯಾವ ಸಾಕ್ಷಿ ಬೇಕು?

ಸಾಧನಾ ಬೆಳಿಗ್ಗೆಯೇ ಮೂಡುಬಿದಿರೆಗೆ ಅಕ್ಕನ ಮನೆಗೆ ಹೋಗಿದ್ದರು. ಇದೇ ಸುಸಮಯವೆಂದು ಭರತರಾಜರು ಸಂಜೆ ದೊಡ್ಡ ಪೊಟ್ಟಣವನ್ನೇ ತರಿಸಿಕೊಂಡು ಕಲ್ಲಿನ ಮೇಲೆ ಕೂತರು. ಮೊದಲ ಗೋಳಿಬಜೆ ಬಾಯಿಗಿಟ್ಟರು, ಅಷ್ಟೆ. ಗೇಟು ಕಿರ್ರೆಂದಿತು.

"ಭರತಣ್ಣ ಮಲಗಿರ್ಬೇಕು. ನಾವು ಮೆಲ್ಲ ಕಿತ್ತುಕೊಂಡು ಹೋಗುವ," ಎಂದು ಪೂವಮ್ಮನ ಪಿಸುದನಿ.

"ಎಳತು ಬೇಡ, ಬಲಿತದ್ದು ಒಳ್ಳೇದು," ಎಂದರು ಟೀಚರ್.

ಭರತರಾಜರು ಉಸಿರು ಬಿಗಿಹಿಡಿದು ಕೂತರು. ಬಾಯಲ್ಲಿ ಸುಡುವ ಗೋಳಿಬಜೆ. ಅಗಿದರೆ ಸದ್ದು, ಉಗುಳಿದರೆ ನಷ್ಟ. ಹೊರಗೆ ಕೈಗಳು ಹೆಚ್ಚಾದವು. ಬಲಿತದ್ದು ಮುಗಿದು ಎಳತಿಗೆ ಬಂದರು, ಎಳತು ಮುಗಿದು ಚಿಗುರಿಗೆ ಬಂದರು. ಕಾಲ ಬಳಿ ಒಂದು ಬೆಳಕಿನ ಚೂರು ಬಿತ್ತು, ಆಮೇಲೆ ಮೊಣಕಾಲ ಮೇಲೆ, ಆಮೇಲೆ ಹೊಟ್ಟೆಯ ಮೇಲೆ. ಎಲೆ ಉಳಿದಿದ್ದ ಕೊನೆಯ ಗೆಲ್ಲನ್ನು ಬಗ್ಗಿಸಿದ ಪೂವಮ್ಮ ಕಿಟಾರನೆ ಕಿರುಚಿದರು.

"ಅಯ್ಯೋ ದೇವರೇ, ಗಿಡದೊಳಗೆ ಜನ ಉಂಟು!"

ಗೆಲ್ಲುಗಳ ಎಲುಬುಗೂಡಿನ ಹಿಂದೆ, ಕೆನ್ನೆ ಉಬ್ಬಿಸಿಕೊಂಡು, ತೊಡೆಯ ಮೇಲೆ ಗೋಳಿಬಜೆ ಇಟ್ಟುಕೊಂಡು ಭರತರಾಜರು ಕೂತಿದ್ದರು. ಸುತ್ತಲೂ ಹಳೆಯ ಎಣ್ಣೆ ಕಾಗದಗಳ ರಾಶಿ. ಬುಡದಲ್ಲಿ ಕಷಾಯದ ಕಪ್ಪು ಗಸಿ. ಸರಿಯಾಗಿ ಅದೇ ಹೊತ್ತಿಗೆ ಬಸ್ಸಿಳಿದು ಬಂದ ಸಾಧನಾ ಗೇಟಿನಲ್ಲಿ ನಿಂತರು. ಕಾಗದ ನೋಡಿದರು, ಗಸಿ ನೋಡಿದರು, ಗಂಡನ ಕೆನ್ನೆ ನೋಡಿದರು.

ಭರತರಾಜರಿಗೆ ಸಾಕಾಗಿ ಹೋಯಿತು. ನುಂಗಿ, ಎದ್ದು ನಿಂತು, ಕೈಮುಗಿದರು. "ನಾನು ಸುಳ್ಳು ಹೇಳಿದೆ. ಇದು ಮದ್ದೂ ಅಲ್ಲ ಮಣ್ಣೂ ಅಲ್ಲ. ಬರೀ ಶೋ ಗಿಡ."

ವಿಸ್ಮಿತಾ ಟೀಚರ್ ನಕ್ಕರು. "ನೋಡಿದ್ರಾ ಬುದ್ಧಿ! ಗಿಡ ಖಾಲಿ ಆಯ್ತು ಅಂತ ಈಗ ಕತೆ ಕಟ್ಟುವುದು."

"ಅದಲ್ಲ ಟೀಚರೇ," ಎಂದರು ಪೂವಮ್ಮ ಕಾಗದದ ರಾಶಿ ತೋರಿಸುತ್ತ, "ದಿನಾ ಇಷ್ಟು ಗೋಳಿಬಜೆ ತಿಂದೂ ಅರ್ಧಕ್ಕರ್ಧ ಇಳಿದಿದೆ ಅಂದರೆ, ಸೊಪ್ಪಿಗೆ ಎಂಥ ಶಕ್ತಿ ಇರ್ಬೇಕು!"

ಹೊಟ್ಟೆ ಹಿಡಿದುಕೊಂಡೇ ಬಂದ ಲೋಕಯ್ಯನ ಕಣ್ಣು ಹೊಳೆಯಿತು. "ಸೊಪ್ಪೇ ಹೀಗಾದರೆ ಬೇರು ಹೇಗಿರ್ಬಹುದು?"

ಹಾರೆ ಬಂತು, ಪಿಕ್ಕಾಸು ಬಂತು. ಬೇಡ ಬೇಡವೆನ್ನುವಷ್ಟರಲ್ಲಿ ಪೊದೆ ಬುಡಸಮೇತ ಮೇಲೆದ್ದು, ಗೆಲ್ಲು ಒಬ್ಬರಿಗೆ, ಬೇರು ಒಬ್ಬರಿಗೆ ಎಂದು ಹಂಚಿಹೋಯಿತು. ಮದ್ದು ಕೈಗೆ ಬಂದ ಧೈರ್ಯಕ್ಕೆ ಅವತ್ತು ನಿಝಾಮುದ್ದೀನ್‌ನ ಹೋಟೆಲಿನಲ್ಲಿ ಗೋಳಿಬಜೆಗೆ ಎರಡನೇ ಸಲ ಹಿಟ್ಟು ಕಲಸಿದರೂ ಸಾಲಲಿಲ್ಲ. ಲೋಕಯ್ಯನ ಕಾರು ತಿರುವಿನಲ್ಲಿ ಬೆಣ್ಣೆಯಂತೆ ತಿರುಗಿತು.

ಎಲ್ಲರೂ ಹೋದ ಮೇಲೆ ಸಾಧನಾ ಹೊಂಡದ ಕಡೆ ನೋಡಿ ಹೇಳಿದರು: "ಪಾಪದ ಗಿಡ. ನಾನು ಮಾಡಿದ ಕಷಾಯವನ್ನು ಒಂದು ದಿನವೂ ಬೇಡ ಅನ್ನದೆ ಕುಡಿದದ್ದು ಅದೊಂದೇ."

ಸ್ವಲ್ಪ ಹೊತ್ತಿಗೆ ಗೇಟು ಮತ್ತೆ ಕಿರ್ರೆಂದಿತು. ಓಣಿಯವರಿಗೆ ಕೃತಜ್ಞತೆಯಿಲ್ಲ ಎನ್ನುವಂತಿಲ್ಲ. ಪೂವಮ್ಮ ಸೊಪ್ಪು ಅರೆದ ರಸ ಒಂದು ಲೋಟ ತಂದರು, ಟೀಚರ್ ಒಂದು ಲೋಟ ತಂದರು, ಹಿಂದೆ ಇನ್ನೂ ಮೂರು ಮನೆಯ ಲೋಟಗಳು. "ಎಲ್ಲ ನಮಗೇ ಕೊಟ್ಟು ಭರತಣ್ಣನಿಗೆ ಒಂದು ಎಲೆಯೂ ಉಳಿಯಲಿಲ್ಲ ನೋಡಿ. ಇದು ಅವರ ಪಾಲು. ಇನ್ನು ದಿನಾ ಒಬ್ಬೊಬ್ಬರು ತರ್ತೇವೆ," ಎಂದರು ಪೂವಮ್ಮ.

ಭರತರಾಜರಿಗೆ ಲೋಕಯ್ಯನ ಬಚ್ಚಲಿನ ಓಡಾಟ ನೆನಪಾಯಿತು. ಒಂದು ಲೋಟ ಎತ್ತಿಕೊಂಡು, ರೂಢಿಯಂತೆ, "ಅಂಗಳದಲ್ಲಿ ಗಾಳಿಗೆ ನಿಂತು ಕುಡಿಯುತ್ತೇನೆ" ಎಂದು ಗೇಟಿನ ಕಡೆ ನಡೆದರು. ಗಿಡವಿದ್ದಲ್ಲಿ ಬಯಲು. ಬಯಲಿನಾಚೆ ಇಡೀ ಓಣಿ ಸಾಲಾಗಿ ನಿಂತು ಅವರನ್ನೇ ನೋಡುತ್ತಿತ್ತು. ತಿರುಗಿ ನೋಡಿದರೆ ಮೆಟ್ಟಿಲ ಮೇಲೆ, ಉಳಿದ ನಾಲ್ಕು ಲೋಟಗಳ ತಟ್ಟೆ ಹಿಡಿದು ಸಾಧನಾ.

ಭರತರಾಜರು ಕೊನೆಯ ಆಸೆಯಿಂದ ಪಶ್ಚಿಮಕ್ಕೆ ನೋಡಿದರು.

"ಹೊತ್ತು ಮುಳುಗಲಿಕ್ಕೆ ಇನ್ನೂ ಸಮಯ ಉಂಟು," ಎಂದರು ಸಾಧನಾ. "ನಿಧಾನಕ್ಕೆ ಕುಡಿಯಿರಿ."