ಲಂಡನ್ನಿನ ಐದು ಗಂಟೆ

ಭಾನುಪ್ರಕಾಶ್ ಮೇಷ್ಟ್ರ ಲೆಕ್ಕಾಚಾರವನ್ನು ಅವರ ಹೆಂಡತಿ ಜ್ಯೋತಿಲಕ್ಷ್ಮಿ ಮದುವೆಯಾದಂದಿನಿಂದ ಒಮ್ಮೆಯೂ ಒಪ್ಪಿದವಳಲ್ಲ. ಒಪ್ಪುತ್ತಿದ್ದವರು ಅತ್ತೆ ಗಂಗುಲಮ್ಮ ಒಬ್ಬರೇ. "ಮೇಷ್ಟ್ರು ಹೇಳಿದ್ಮೇಲೆ ಆಯ್ತಲ್ಲಮ್ಮ" ಎಂದು ಮಗಳ ಬಾಯಿ ಮುಚ್ಚಿಸುತ್ತಿದ್ದ ಆ ಜೀವ ಬುಧವಾರ ಬೆಳಗ್ಗೆ ಜಂಗಮಕೋಟೆಯ ಮನೆಯಲ್ಲಿ ತೀರಿಕೊಂಡಿತು. ಗಂಡುಮಕ್ಕಳಿಲ್ಲದ ಆಕೆ, "ಮೊದಲ ಹಿಡಿ ಮಣ್ಣು ನೀವೇ ಹಾಕ್ಬೇಕಪ್ಪ" ಎಂದು ಅಳಿಯನಿಂದ ಮಾತು ತೆಗೆದುಕೊಂಡಿದ್ದರು.

ಅತ್ತೆಯ ಕಿರಿಯ ಮಗಳು ರಂಜನಿ ಲಂಡನ್ನಿನಲ್ಲಿ ನರ್ಸ್. ಅವಳು ಬರುವವರೆಗೆ ದೇಹವನ್ನು ಐಸ್ ಪೆಟ್ಟಿಗೆಯಲ್ಲಿ ಇಟ್ಟರು. ಮೇಷ್ಟ್ರು ಅದರ ಪಕ್ಕದಲ್ಲೇ ಕೂತು, ಮೊಬೈಲ್ ತೆರೆದು, ಅಳುತ್ತಿದ್ದವರಿಗೆ ವಿಮಾನಯಾನ ಶಾಸ್ತ್ರ ಬೋಧಿಸಿದರು. ಎಂಟು ಸಾವಿರ ಕಿಲೋಮೀಟರು, ಹತ್ತು ಗಂಟೆಯ ಹಾರಾಟ. (ಸ್ವಲ್ಪ ಹೊತ್ತು ಅಳು ನಿಂತದ್ದು ನಿಜ.)

ರಂಜನಿ ಕಳಿಸಿದ ಟಿಕೆಟ್ಟಿನಲ್ಲಿ ವಿಮಾನ ಶುಕ್ರವಾರ ಬೆಳಗ್ಗೆ ಐದಕ್ಕೆ ಇಳಿಯುತ್ತದೆ ಎಂದಿತ್ತು.

"ಹಾಗಾದ್ರೆ ನಾಲ್ಕಕ್ಕೇ ಹೊರಡಿ," ಎಂದಳು ಜ್ಯೋತಿಲಕ್ಷ್ಮಿ.

"ಅದು ಲಂಡನ್ ಐದು ಕಣೇ. ನಮ್ಮ ಗಡಿಯಾರ ನಾಲ್ಕೂವರೆ ಗಂಟೆ ಮುಂದಿದೆ. ಇಲ್ಲಿಗೆ ಒಂಬತ್ತೂವರೆ."

"ಇಳಿಯೋದು ಇಲ್ಲಿ ತಾನೆ? ಅಲ್ಲಿ ಟೈಮು ಯಾಕ್ರೀ ಹಾಕ್ತಾರೆ?"

"ಭೂಮಿ ದುಂಡಗಿದೆ ಜ್ಯೋತಿ."

"ನನ್ನ ತಲೇನೂ ದುಂಡಗಿದೆ. ಐದು ಅಂದ್ರೆ ಐದೇ."

ಮೇಷ್ಟ್ರು ಅಭ್ಯಾಸಬಲದಿಂದ ಅತ್ತೆಯತ್ತ ನೋಡಿದರು. ಗಾಜಿನೊಳಗೆ ಅವರು ಮಲಗಿದ್ದರು. ಮೇಷ್ಟ್ರು ಗಾಜಿನ ಮೇಲಿನ ಹನಿ ಒರೆಸಿದರು. ಲೆಕ್ಕ ಮಾತ್ರ ಬದಲಾಗಲಿಲ್ಲ.

ಶುಕ್ರವಾರ ಆರೂವರೆಗೆ ಕಾರು ಹತ್ತಿದರು. ಮೊಬೈಲು ಪೆಟ್ಟಿಗೆಯ ಮೇಲೆಯೇ ಉಳಿಯಿತು. ದಾರಿಯಲ್ಲಿ ಸಿಗುವ ವಿಜಯಪುರದ ಬಳಿ ಎದುರಿಗೆ ಬಂದ ಟ್ಯಾಕ್ಸಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅದರಲ್ಲಿ ರಂಜನಿ ಇದ್ದಳು.

ದೇವನಹಳ್ಳಿಯ ವಿಮಾನ ನಿಲ್ದಾಣದ ಬೋರ್ಡಿನಲ್ಲಿ ಲಂಡನ್ ವಿಮಾನ ಇಳಿದಾಯಿತು ಎಂದಿತ್ತು. ಅದು ಬೇರೆಯದಿರಬೇಕು ಎಂದುಕೊಂಡರು. ಒಂಬತ್ತೂವರೆ ಆಯಿತು, ಹತ್ತೂವರೆಯೂ ಆಯಿತು. ಅವಳ ಲಗೇಜು ಬರುವುದು ತಡವಾಗಿರಬೇಕು ಎಂದುಕೊಂಡರು. ಕೊನೆಗೆ ಬಾಗಿಲ ಕಾವಲಿನವನನ್ನು ಕೇಳಿದರು.

"ಲಂಡನ್ನೋರಾ? ಬೆಳಕು ಹರಿಯೋಕೆ ಮುಂಚೇನೇ ಹೋದ್ರಲ್ಲ ಸಾರ್."

ಮೇಷ್ಟ್ರು ಮನೆ ಮುಟ್ಟಿದಾಗ ಅಂಗಳ ತೊಳೆದಾಗಿತ್ತು. ಐಸ್ ಪೆಟ್ಟಿಗೆ ಖಾಲಿಯಾಗಿ ಗೋಡೆಗೆ ಒರಗಿತ್ತು. ಅತ್ತೆಯ ತಮ್ಮ ಗಂಗುಲಪ್ಪನವರು ಒದ್ದೆ ಪಂಚೆಯಲ್ಲಿ ಜಗಲಿಯ ಮೇಲೆ ಕೂತಿದ್ದರು.

"ರಾಹುಕಾಲಕ್ಕೆ ಮುಂಚೆ ಎತ್ತಬೇಕಿತ್ತಪ್ಪ. ಎರಡು ದಿನದ ಹೆಣ, ಎಷ್ಟು ಅಂತ ಕಾಯೋದು? ಲಂಡನ್ನಿಂದ ಬರೋಳು ಬಂದ್ಲು. ದೇವನಹಳ್ಳಿಯಿಂದ ಬರೋನು ಬರ್ಲಿಲ್ಲ."

ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದರು.

ರಂಜನಿ ತಲೆಗೂದಲಿನ ನೀರು ಒರೆಸಿಕೊಳ್ಳುತ್ತಾ ಬಂದಳು. "ಎಲ್ಲಿಗೆ ಹೋಗಿದ್ರಿ ಬಾವ?"

"ನಿನ್ನ ಕರ್ಕೊಂಡು ಬರೋಕೆ ಕಣಮ್ಮ."

ಅವಳು ಏನೋ ಹೇಳಲು ಹೋಗಿ ಅತ್ತುಬಿಟ್ಟಳು. ಮೊದಲ ಹಿಡಿ ಮಣ್ಣು ತಾನೇ ಹಾಕಿದೆ ಎಂದು ಹೇಳುವ ಅಗತ್ಯವೂ ಇರಲಿಲ್ಲ. ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಇತ್ತು.

ಮೇಷ್ಟ್ರು ಕಂಬ ಹಿಡಿದು ನಿಂತೇ ಇದ್ದರು. ಜ್ಯೋತಿಲಕ್ಷ್ಮಿ ಬೈಯುತ್ತಾಳೆಂದು ಕಾದರು. ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಒಂದು ಚೊಂಬು ನೀರು ತಂದು ಗಂಡನ ಕೈಗೆ ಕೊಟ್ಟು, "ಕುಡೀರಿ. ತೋಟದ ಅಂಚಲ್ಲಿ ಮಲಗಿಸಿದ್ದೀವಿ. ನಿಮ್ಮದೂ ಒಂದು ಹಿಡಿ ಹಾಕಿ ಬರೋಣ," ಎಂದಳು.

"ಎಷ್ಟು ದೂರ?" ಎಂದರು ಮೇಷ್ಟ್ರು, ಬಾಯಿತಪ್ಪಿ.

ಹೆಂಡತಿ ಅವರ ಕೈಯಿಂದ ಚೊಂಬು ತೆಗೆದುಕೊಂಡಳು.

"ಸುಮ್ನೆ ನನ್ನ ಹಿಂದೆ ಬನ್ನಿ," ಎಂದು ಮುಂದೆ ನಡೆದಳು.