ಕಮಲಾಕರರ ಕಂಪ್ಯೂಟರ್ ತಂಪಾಯಿತು

ಶಿರಸಿಯ ಕಮಲಾಕರ ಹೆಗಡೆಯವರಿಗೆ ಇಡೀ ಜಗತ್ತಿನ ಮೇಲೆ ಒಂದೇ ದೂರು: ಹಳೆಯ ಕಂಪ್ಯೂಟರಿನ ಬೆಲೆ ಯಾರಿಗೂ ಗೊತ್ತಿಲ್ಲ. ಹೆಂಡತಿ ವೇದಾ ಒಬ್ಬಳನ್ನು ಬಿಟ್ಟು! ಹಜಾರದ ಮೂಲೆಯಲ್ಲಿ ಇಪ್ಪತ್ತು ವರ್ಷಗಳಿಂದ ಗುಂಯ್‌ಗುಡುತ್ತಿದ್ದ ಆ ಯಂತ್ರರಾಜನನ್ನು ಗುಜರಿಯವ ಕೇಳಿದಾಗ "ಅದು ಕೊಡೂದಲ್ಲ, ಮುಂದೆ ಹೋಗು" ಎಂದು ಗದರಿಸಿದವಳು ಅವಳೇ. ಎಷ್ಟೋ ಸಂಜೆ "ಈಗ್ಲೇ ಬಂದ್ ಮಾಡಡಿ, ಇನ್ನೂ ಸ್ವಲ್ಪ ಓಡ್ಲಿ" ಎನ್ನುವುದೂ ಉಂಟು. ಇಂಥ ತಂತ್ರಜ್ಞಾನಪ್ರೇಮಿ ಪತ್ನಿ ಎಷ್ಟು ಜನರಿಗೆ ಸಿಕ್ಕಾಳು? (ಪಕ್ಕದ ಮನೆಯ ಶಾಂತಾರಾಮರ ಹೆಂಡತಿ ಗಂಡನ ಕಂಪ್ಯೂಟರ್ ಕೊಟ್ಟು ಪ್ಲಾಸ್ಟಿಕ್ ಬಕೆಟ್ ತಗೊಂಡವಳು.)

ಅವಳ ಪ್ರೀತಿಗೆ ಪ್ರತಿಯಾಗಿ ಕಮಲಾಕರರು ಯಂತ್ರದ ಜೀರ್ಣೋದ್ಧಾರಕ್ಕೆ ಸಂಕಲ್ಪ ಮಾಡಿದರು. ಶನಿವಾರವಿಡೀ ಸ್ಕ್ರೂಡ್ರೈವರ್ ಹಿಡಿದು ಕೂತರು. ಕುದಿಯುತ್ತಿದ್ದ ಬೋರ್ಡು, ಪ್ರೊಸೆಸರು, ಪವರ್ ಸಪ್ಲೈ ಎಲ್ಲ ಹೋಗಿ ಹೊಸವು ಬಂದವು. ಹಳೆಯ ಸಾಮಾನನ್ನು ಹೊಸದನ್ನು ಕೊಟ್ಟ ಅಂಗಡಿಯವನೇ ಒಯ್ದ. ಕೊನೆಗೆ ಹಳೆಯದಾಗಿ ಉಳಿದದ್ದು ಹೊರಗಿನ ಡಬ್ಬ ಮತ್ತು ಕಮಲಾಕರರು ಮಾತ್ರ.

"ನೋಡು ಮಾರಾಯ್ತಿ, ಸದ್ದಿಲ್ಲೆ! ಮುಟ್ಟಿ ನೋಡು, ಎಷ್ಟು ತಂಪಿದ್ದು!"

ವೇದಾ ಒಳಗೆ ಗ್ರೈಂಡರ್ ತಿರುಗಿಸುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ.

ಬೆಳಗಾಗುವುದರೊಳಗೆ ಹಜಾರದಿಂದ ಕೂಗು ಎದ್ದಿತು. "ಅಯ್ಯೋ ದೇವ್ರೇ! ಎಂತ ಮಾಡಿದ್ರಿ ಇದಕ್ಕೆ?"

ಕಮಲಾಕರರು ಓಡಿ ಬಂದರು. ಕಂಪ್ಯೂಟರಿನ ಹಿಂದಿನ ಸಂದಿಯಿಂದ ವೇದಾ ದೊಡ್ಡ ಪಾತ್ರೆಯೊಂದನ್ನು ಎಳೆಯುತ್ತಿದ್ದಳು.

"ದೋಸೆ ಹಿಟ್ಟು ಒಂದು ಚೂರೂ ಉಬ್ಬಿದ್ದಿಲ್ಲೆ! ಈ ಚಳಿಯಲ್ಲಿ ಇಷ್ಟು ವರ್ಷ ಹಿಟ್ಟು ಎಲ್ಲಿ ಹುಳಿ ಬತ್ತಿತ್ತು ಹೇಳಿ ತಿಳ್ಕಂಡಿದ್ರಿ? ಇದ್ರ ಹಿಂದೆ, ಬಿಸಿ ಗಾಳಿ ಬಪ್ಪಲ್ಲಿ!"

"ಅಂದ್ರೆ ನೀ ಇದನ್ನ ಇಟ್ಕಂಡಿದ್ದು..."

"ಹಿಟ್ಟಿಗೆ! ಮತ್ತೆಂತಕ್ಕೆ, ಆ ಗುಂಯ್ ಗುಂಯ್ ಕೇಳಲಾ? ಹೇರೂರಿಂದ ತಮ್ಮನ ಹೆಂಡ್ತಿ ವಿನೋದಾ ದೋಸೆ ತಿಂಬಲೆ ಹೇಳೇ ಬತ್ತಾ ಇದ್ದು. ಈಗ ಅದಕ್ಕೆ ಉಪ್ಪಿಟ್ಟು ಬಡಿಸವು! ಬಪ್ಪ ಭಾನುವಾರದೊಳಗೆ ಮೊದಲಿನ ಹಾಂಗೆ ಬಿಸಿ ಆಗದಿದ್ರೆ ಈ ಡಬ್ಬ ಹಜಾರದಲ್ಲಿ ಇಪ್ಪಲಿಲ್ಲೆ, ಹೇಳಿಬಿಟ್ಟೆ!"

ಆ ಮೂಲೆ ಹೋದರೆ ಮನೆಯಲ್ಲಿ ಕಮಲಾಕರರದು ಅಂತ ಉಳಿಯುವುದಾದರೂ ಏನು? ಅಂಗಡಿಗೆ ಫೋನು ಮಾಡಿದರೆ, ಹಳೆಯ ಸಾಮಾನು ಆಗಲೇ ಹುಬ್ಬಳ್ಳಿ ಲಾರಿ ಹತ್ತಿತ್ತು.

ಉಳಿದದ್ದು ಒಂದೇ ದಾರಿ: ಹಳೆಯ ಕಂಪ್ಯೂಟರ್ ಪ್ರಿಯರ ವಾಟ್ಸಾಪ್ ಗುಂಪು. ಅಲ್ಲಿ ಎಲ್ಲರದೂ ಒಂದೇ ಗೋಳು, ಯಂತ್ರ ಬಿಸಿಯಾಗುತ್ತದೆ, ತಂಪು ಮಾಡುವುದು ಹೇಗೆ ಅಂತ. ಅವರಿಗೆಲ್ಲ ಗುರುಸ್ಥಾನದಲ್ಲಿ ಕೂತು ಉತ್ತರ ಕೊಡುತ್ತಿದ್ದ ಕಮಲಾಕರರು ಮೊದಲ ಬಾರಿಗೆ ಪ್ರಶ್ನೆ ಕೇಳಿದರು: "ಮಿತ್ರರೇ, ತಂಪಾದ ಯಂತ್ರವನ್ನು ಬಿಸಿ ಮಾಡುವುದು ಹೇಗೆ?"

ಯಾರೋ ಪುಣ್ಯಾತ್ಮ ವಿನಯದಿಂದ ಕೇಳಿದ: "ಎಷ್ಟು ಬಿಸಿ ಬೇಕು ಸರ್?"

ಕಮಲಾಕರರು ಫೋನು ಹಿಡಿದು ಅಡುಗೆಮನೆ ಬಾಗಿಲಿಗೆ ಹೋದರು. "ವೇದಾ, ಎಷ್ಟು ಬಿಸಿ ಬೇಕು ಹೇಳಿ ಗುಂಪಲ್ಲಿ ಕೇಳ್ತಾ ಇದ್ದ..."

ಉಪ್ಪಿಟ್ಟು ತೊಳಸುತ್ತಿದ್ದ ವೇದಾ ತಿರುಗಿಯೂ ನೋಡಲಿಲ್ಲ. "ಎರಡು ಸೇರಕ್ಕಿ ಹಿಟ್ಟು ಬೆಳಗಾಗೂದ್ರೊಳಗೆ ಉಬ್ಬುವಷ್ಟು ಹೇಳಿ ಬರೀರಿ."

ಗುರುಗಳು ಹಾಗೆಯೇ ಬರೆದರು.