ಜ್ಞಾನಮ್ಮನ ತವರು

ನನ್ನ ಓರಗಿತ್ತಿಯ ತಲೆಯನ್ನು ಮಿಸ್ಸಮ್ಮ ಕೆಡಿಸಿದಳು ಎಂದು ದೊಡ್ಡಬಳ್ಳಾಪುರದ ನಮ್ಮ ಬೀದಿಯೆಲ್ಲ ಹೇಳುತ್ತಿತ್ತು. ಸುಳ್ಳು. ಗೌರಿ ಹಬ್ಬಕ್ಕೆ ಕರೆಯಲು ಅವಳ ತವರಿನಿಂದ ಯಾರೂ ಬರಲಿಲ್ಲ, ನಡೆದದ್ದು ಅಷ್ಟೇ.

ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಮಿಸ್ಸಮ್ಮ ಮಾತ್ರ ತಪ್ಪದೆ ಸಿಗುತ್ತಿದ್ದಳು. ಕೊಡೆ ಹಿಡಿದು ಮನೆಮನೆಗೆ ಬಂದು, ಹೆಂಗಸರಿಗೆ ಹೊಲಿಗೆ ಕಲಿಸುತ್ತಾ ಯೇಸುಸ್ವಾಮಿಯ ಕಥೆ ಹೇಳುತ್ತಿದ್ದ ಬಿಳಿ ಹೆಂಗಸು. ಒಂದು ದಿನ, ಹೀಗೆಲ್ಲ ನಂಬಬಾರದು ಎಂದು ತಿಳಿಸಲು, ಅವರ ಪಾದ್ರಿಗಳೇ ಹಿಂದೆ ಅಳಿಸಿಹಾಕಿದ ಒಂದು ಪಂಥದ ಕಥೆ ಹೇಳಿದಳು. ನಾಸ್ತಿಕ ಅಲ್ಲ, ನಾಸ್ಟಿಕ್ ಎಂದು ಅದರ ಹೆಸರಂತೆ, ಈಗ ಮೊಮ್ಮಗಳು ಹೇಳುತ್ತಾಳೆ. ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬೇರೆ ಕಥೆಗಳನ್ನೆಲ್ಲ ಆಕಳಿಸುತ್ತಾ ಕೇಳಿದ್ದ ಅಕ್ಕ, ನಂಬಬಾರದ ಈ ಒಂದನ್ನು ಮಾತ್ರ ಪೂರ್ತಿ ನಂಬಿಬಿಟ್ಟಳು!

ಆ ಪಂಥದಲ್ಲಿ ಹೆಂಗಸರೂ ಪೂಜೆ ನಡೆಸುತ್ತಿದ್ದರಂತೆ. ಯಾರ ಸರದಿ ಎಂದು ಚೀಟಿ ಎತ್ತುತ್ತಿದ್ದರಂತೆ. ಅಕ್ಷರ ಬಾರದ ನಮ್ಮ ಮನೆಯಲ್ಲಿ ಚೀಟಿ ಎಲ್ಲಿಂದ ಬರಬೇಕು? ಅಕ್ಕ ಸೇರಿಗೆ ಒಂದಷ್ಟು ಅವರೆಕಾಳು, ಒಂದೇ ಒಂದು ಹುರಿಗಡಲೆ ಹಾಕಿ, ಪೂಜೆಗೆ ಕೂತಿದ್ದ ಮಾವನ ಮುಂದೆ ಹಿಡಿದಳು.

"ಕಡ್ಲೆ ಬಂದೋರು ಪೂಜೆ ಮಾಡ್ಬೇಕು. ಕಣ್ಮುಚ್ಚಿ ಎತ್ತಿ ಮಾವ."

ಮಾವನಿಗೆ ಬಂದದ್ದು ಅವರೆ. ಕಡಲೆ ಬಂದದ್ದು ಅತ್ತೆಗೆ. "ಒಲೆ ಮೇಲೆ ಸಾರೈತೆ, ದೇವ್ರು ಒಸಿ ಕಾಯ್ಲಿ," ಎಂದು ಅತ್ತೆ ಕಡಲೆಯನ್ನು ಬಾಯಿಗೆ ಹಾಕಿಕೊಂಡು ಒಳಗೆ ಹೋದರು.

ಆ ಕಥೆಯಲ್ಲಿ ಈ ಲೋಕ ಮಾಡಿದವನಿಗೂ ಒಬ್ಬ ತಾಯಿ. ಅವಳ ಹೆಸರೇ ಜ್ಞಾನ. ಅಕ್ಕನ ಬಾಯಲ್ಲಿ ಜ್ಞಾನಮ್ಮ. ಗಂಡನನ್ನು ಕೇಳದೆ ಒಬ್ಬಳೇ ಅವನನ್ನು ಹೆತ್ತಳಂತೆ. ಎಲ್ಲರೂ ಊಟಕ್ಕೆ ಕೂತಾಗ ಅಕ್ಕ ಶುರುಮಾಡಿದಳು.

"ಮಗ ಲೋಕ ಮಾಡ್ಬಿಟ್ಟು, ನಾನೊಬ್ನೇ ದೇವ್ರು, ಇನ್ಯಾರೂ ಇಲ್ಲ ಅಂತ ಮೆರೆದ್ನಂತೆ. ತಾಯಿ ಹಿಂದೇನೇ ನಿಂತು ಕೇಳಿಸ್ಕೊತಿದ್ಲು."

ನನ್ನ ಗಂಡನ ತಟ್ಟೆಗೆ ಮುದ್ದೆ ಹಾಕುತ್ತಿದ್ದ ಅತ್ತೆ, "ನಮ್ಮನೇಲೂ ಒಬ್ನವ್ನೆ," ಎಂದರು.

ಜ್ಞಾನಮ್ಮ ಬೆಳಕಿನ ತವರಿನಿಂದ ಜಾರಿ ಕತ್ತಲೆಯಲ್ಲಿ ಬಿದ್ದಳು, ದಾರಿ ಕಾಣದೆ ಅತ್ತಳು ಎಂಬಲ್ಲಿಗೆ ಬಂದರೆ ಮಾತ್ರ ಅಕ್ಕನ ದನಿ ಇಳಿಯುತ್ತಿತ್ತು.

"ಆಮೇಲೆ?" ಎಂದೆ ಒಂದು ಸಲ.

"ಕರ್ಕೊಂಡ್ಬರಕ್ಕೆ ತವರಿಂದ ಕಳಿಸಿದ್ರು ಕಣೇ."

"ಯಾರನ್ನ?"

"ಅಣ್ಣನ್ನ."

ಮಿಸ್ಸಮ್ಮ ಅಣ್ಣ ಎಂದದ್ದು ನನ್ನ ಕಿವಿಗಂತೂ ಬಿದ್ದಿರಲಿಲ್ಲ.

ಅಕ್ಕನ ತವರು ರಾಜಘಟ್ಟ. ಎಷ್ಟು ದೂರ? ಬಾಯಲ್ಲಿನ ಎಲೆಅಡಿಕೆ ಮುಗಿಯುವುದರೊಳಗೆ ಹೋಗಿ ಬರಬಹುದು. ತಾಯಿ ಸತ್ತ ಮೇಲೆ ಅಣ್ಣ ಬರುವುದು ನಿಂತಿತು. ಜಗಳವಿಲ್ಲ, ಮುನಿಸಿಲ್ಲ, ಮರೆತ. ಆದರೂ ಗೌರಿ ಹಬ್ಬ ಹತ್ತಿರ ಬಂದರೆ ಸಾಕು, ಅಕ್ಕ ತಲೆ ಬಾಚಿ, ಸೀರೆ-ರವಿಕೆಗಳ ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕೂರುತ್ತಿದ್ದಳು.

"ನಡ್ಕೊಂಡೇ ಹೋಗ್ಬಾರ್ದೇನಕ್ಕ?"

"ಕರೀದೆ ಹೋದ್ರೆ ಅದು ತವರಲ್ಲ ಕಣೇ, ಸಂತೆ."

ಆ ವರ್ಷವೂ ದೀಪ ಹಚ್ಚುವವರೆಗೆ ಕೂತಿದ್ದಳು. ಗಾಡಿಯ ಸದ್ದಾಯಿತು. ಗಂಟು ಹಿಡಿದು ಎದ್ದು ನಿಂತಳು. ಬಂದದ್ದು ನನ್ನನ್ನು ಕರೆಯಲು ಕುಂದಾಣದಿಂದ ನನ್ನ ಅಣ್ಣ. "ನಿಮ್ಮಣ್ಣ ಬಂದ್ರು, ನೀರು ಕೊಡು," ಎಂದು ಮತ್ತೆ ಕೂತಳು.

ಬೆಳಿಗ್ಗೆ ಎದ್ದವಳೇ ನಾನು ಅಣ್ಣನಿಗೆ ಹೇಳಿದೆ: "ಮೊದ್ಲು ಅಕ್ಕನ್ನ ಕರಿ, ಆಮೇಲೆ ನನ್ನ." ಅವನು ರುಮಾಲು ಸರಿಮಾಡಿಕೊಂಡು ಅವಳ ಎದುರು ನಿಂತ.

"ಬಾರಮ್ಮ, ಹಬ್ಬಕ್ಕೆ ಕರ್ಕೊಂಡೋಗಕ್ಕೆ ಬಂದಿದೀನಿ."

ಅಕ್ಕ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಗಂಟು ಇನ್ನೂ ಬಿಚ್ಚಿರಲಿಲ್ಲ. ನಾನೇ ಅದನ್ನು ಎತ್ತಿ ಗಾಡಿಗೆ ಹಾಕಿದೆ.